ಪಲೆರ್ಮೊದ ರೊಟ್ಟಿಯಂಗಡಿ, ತೊಕ್ಕೊಟ್ಟಿನ ಬನ್ಸ್

ನನಗೆ ರೌಡಿಗಳ ಕಥೆ ಓದುವ ಚಟ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ತೊಕ್ಕೊಟ್ಟಿನ ಜಂಕ್ಷನ್ನಿನಲ್ಲಿ ನಮ್ಮದೊಂದು ಹೋಟೆಲಿದೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷಗಳಿಂದ ಅದರ ಗಲ್ಲಾದಲ್ಲಿ ಕೂತವಳು ನಾನೇ. ಬೆಳಗಿನ ತಿಂಡಿಯ ಗದ್ದಲ ಇಳಿದ ಮೇಲೆ ಗಿರಾಕಿಗಳು ಬಿಟ್ಟುಹೋದ ಪತ್ರಿಕೆಗಳೆಲ್ಲ ನನ್ನವು. ಯಾವ ಡಾನ್ ಎಲ್ಲಿ ಹುಟ್ಟಿದ, ಯಾರ ಬಲಗೈಯಾಗಿದ್ದ, ಕೊನೆಗೆ ಯಾರು ಅವನನ್ನು ಮುಗಿಸಿದರು ಎಂಬುದೆಲ್ಲ ನನಗೆ ಬಾಯಿಪಾಠ. ನಮ್ಮ ಕರಾವಳಿಯಿಂದ ಮುಂಬೈಗೆ ಹೋದವರಲ್ಲಿ ಹೆಚ್ಚಿನವರು ಬೆವರು ಸುರಿಸಿ ಹೋಟೆಲು ಕಟ್ಟಿದರು, ಕೆಲವರು ಬೇರೆ ಕೆಲಸ ಹಿಡಿದರು. ಪತ್ರಿಕೆಗಳು ಬರೆದದ್ದು ಆ ಕೆಲವರ ಬಗ್ಗೆ. ಇಡ್ಲಿ ಬೇಯಿಸಿದವನ ಕಥೆಯನ್ನು ಯಾರೂ ಧಾರಾವಾಹಿ ಮಾಡಲಿಲ್ಲ.

ಆ ಕಥೆಗಳಲ್ಲಿ ಕೊಂದವನಿಗೆ ಹೆಸರಿರುತ್ತದೆ, ಅಡ್ಡಹೆಸರಿರುತ್ತದೆ, ಶೋಕಿಯಿರುತ್ತದೆ. ಸತ್ತವನಿಗೆ ಒಂದು ಸಾಲು. ನೋಡಿದವರಿಗೆ ಅದೂ ಇಲ್ಲ. ನಾಲ್ಕು ವರ್ಷಗಳ ಹಿಂದೆ ನಾನೇ ನೋಡಿದವಳಾಗುವ ತನಕ ಇದು ನನಗೆ ಹೊಳೆದಿರಲಿಲ್ಲ.

ಸತ್ತವರು ವಾಮನಣ್ಣ. ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ದಿನಾ ನಮ್ಮಲ್ಲಿ ಒಂದು ಚಾ ಕುಡಿದು, ಎರಡು ಬಾಳೆಹಣ್ಣಿನ ಬನ್ಸ್ ತಿಂದು ಬಸ್ಸು ಹತ್ತುವವರು. ಗೋದಾಮಿನ ಗುಜರಿ ಸಾಮಾನೆಲ್ಲ ತನಗೇ ಬರಬೇಕೆಂದು ಒಬ್ಬ ಹಟ ಹಿಡಿದ, ಇವರು ಆಗುವುದಿಲ್ಲ ಎಂದರು. ಅವನನ್ನು ಎಲ್ಲರೂ ಗುಜರಿ ಜಗ್ಗ ಎನ್ನುತ್ತಾರೆ.

ಆ ಬೆಳಿಗ್ಗೆ ಬಾಗಿಲ ಪಕ್ಕದ ಮೇಜಿನಲ್ಲಿ ಅಪರಿಚಿತನೊಬ್ಬ ಅರ್ಧ ಗಂಟೆ ಕೂತಿದ್ದ. ಬನ್ಸ್ ಹೇಳಿ, ಅದನ್ನು ಎರಡು ತುಂಡು ಮಾಡಿ ತಟ್ಟೆಯಲ್ಲಿಟ್ಟು ರಸ್ತೆಯನ್ನೇ ನೋಡುತ್ತಿದ್ದ. ತಿಂಡಿ ಹಾಳುಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗಲ್ಲಾದಿಂದಲೇ ಕೇಳಿದೆ, "ತಿನ್ನುದಿಲ್ಲಾದ್ರೆ ಹೇಳಿದ್ದು ಎಂತಕ್ಕೆ?"

ಅವನು ತಲೆಯೆತ್ತಿ ನನ್ನನ್ನು ನೋಡಿ ನಕ್ಕ. "ಪಾರ್ಸೆಲ್ ಕಟ್ಟಿಡಿ ಅಕ್ಕ. ಈಗ ಬಂದು ತಗೊಳ್ತೇನೆ" ಎಂದ.

ನಾನು ಕಾಗದದಲ್ಲಿ ಸುತ್ತಿ ದಾರ ಕಟ್ಟುತ್ತಿದ್ದೆ. ಬಸ್ಸಿಗೆಂದು ಮೆಟ್ಟಿಲಿಳಿದ ವಾಮನಣ್ಣನನ್ನು ಅವನು ನನ್ನ ಕಣ್ಣೆದುರಿಗೇ ಕಡಿದ. ಪಾರ್ಸೆಲ್ ಗಲ್ಲಾದ ಮೇಲೆಯೇ ಉಳಿಯಿತು. ಅವನೇ ಜಗ್ಗ ಎಂಬುದು ನನಗೆ ಗೊತ್ತಾದದ್ದು ಸಂಜೆಯ ಪತ್ರಿಕೆ ನೋಡಿ.

ನಮ್ಮ ಸಪ್ಲಾಯರ್ ಇಬ್ಬರೂ ಕೋರ್ಟಿನಲ್ಲಿ, ತಾವು ಅಡುಗೆಕೋಣೆಯಲ್ಲಿದ್ದೆವು, ಏನೂ ನೋಡಿಲ್ಲ ಎಂದರು. ಉಳಿದವಳು ನಾನೊಬ್ಬಳು. ನನಗೆ ಸಮನ್ಸ್ ಬಂದ ಮರುದಿನದಿಂದ ಹೋಟೆಲಿಗೆ ಯಾರಾದರೊಬ್ಬ ಬಂದು ಬಾಗಿಲ ಪಕ್ಕದ ಮೇಜಿನಲ್ಲಿ ಕೂರತೊಡಗಿದ. ಬನ್ಸ್ ಹೇಳುತ್ತಾನೆ, ಎರಡು ತುಂಡು ಮಾಡುತ್ತಾನೆ, ತಿನ್ನದೆ ದುಡ್ಡು ಕೊಟ್ಟು ಹೋಗುತ್ತಾನೆ. ಒಂದು ಬೈಗುಳವಿಲ್ಲ, ಒಂದು ಬೆದರಿಕೆಯಿಲ್ಲ. ಪೊಲೀಸರಿಗೆ ಏನೆಂದು ದೂರು ಕೊಡಲಿ? ಬನ್ಸ್ ತಿನ್ನಲಿಲ್ಲ ಎಂದೇ?

ಹೆದರಿದೆ. ಮೊದಲ ಸಲ ಜ್ವರವೆಂದು ಹೇಳಿಸಿ ಕೋರ್ಟಿಗೆ ಹೋಗಲಿಲ್ಲ. ಎರಡನೆಯ ಸಲಕ್ಕೆ ನನ್ನ ಅಣ್ಣ ಕರುಣಾಕರ ಒಂದು ಉಪಾಯ ಮಾಡಿದ. ಅವನಿಗೆ ಬೋಳಾರದಲ್ಲಿ ಮನೆ, ಮಂಗಳಾದೇವಿಯ ದಾರಿಯಲ್ಲಿ ಹೋಟೆಲು, ಮದುವೆ ನಿಶ್ಚಯವಾದ ಮಗಳು. ಕೋರ್ಟಿನ ಸೋಮವಾರಕ್ಕೆ ಸರಿಯಾಗಿ ನನ್ನ ಹೆಸರನ್ನು ಇಟಲಿ ಪ್ರವಾಸದ ಒಂದು ಗುಂಪಿಗೆ ಸೇರಿಸಿಬಿಟ್ಟ.

ಬಜ್ಪೆ

ವಿಮಾನ ನಿಲ್ದಾಣಕ್ಕೆ ಅಣ್ಣನೇ ಬಿಟ್ಟ. ದಾರಿಯಲ್ಲಿ ಸರಕಾರಿ ವಕೀಲರ ಫೋನು ಬಂತು. ಈ ಸಲವೂ ಬರದಿದ್ದರೆ ನನ್ನನ್ನು ಕೈಬಿಟ್ಟು ಕೇಸು ಮುಂದೆ ಹೋಗುತ್ತದೆ, ಮತ್ತೆ ಉಳಿಯುವುದು ಏನೂ ಇಲ್ಲ ಎಂದು ಆ ಹೆಂಗಸು ಮೆಲ್ಲಗೆ ಹೇಳಿದರು. ನಾನು ಹೂಂ ಎಂದು ಫೋನಿಟ್ಟೆ.

"ಹೋಗಿ ಆರಾಮಾಗಿ ನೋಡಿಕೊಂಡು ಬಾ ಮಾರಾಯ್ತಿ" ಎಂದ ಅಣ್ಣ. "ಊರಲ್ಲಿಲ್ಲದವಳನ್ನು ಯಾರೂ ಎಂತದೂ ಕೇಳ್ಲಿಕ್ಕೆ ಆಗುದಿಲ್ಲ."

"ವಾಮನಣ್ಣನ ಹೆಂಡತಿ ಕೇಳಿದ್ರೆ?"

ಅಣ್ಣ ಗೇರು ಬದಲಾಯಿಸಿದ. ಅವನು ಕೆಟ್ಟವನಲ್ಲ. ಗಂಡ ಸತ್ತಾಗ ಹೋಟೆಲು ಮಾರಬೇಡ ಎಂದು ನನ್ನ ಬೆನ್ನಿಗೆ ನಿಂತವನು ಅವನೊಬ್ಬನೇ. ಅಂಥವನೇ ಹೆದರಿದ್ದಾನೆ ಎಂದರೆ ಹೆದರುವುದೇ ಸರಿ ಎಂದು ನಾನೂ ನಂಬಿದ್ದೆ.

ರೋಮ್

ರೋಮಿನಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿದೆ. ಅದನ್ನು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೆಚ್ಚು ಹೊತ್ತು ನೋಡಿದ್ದು ಗಲ್ಲಾಗಳನ್ನು. ಅಲ್ಲಿ ಎಷ್ಟೋ ಕಡೆ ಮೊದಲು ದುಡ್ಡು ಕೊಟ್ಟು ಚೀಟಿ ತೆಗೆದುಕೊಂಡು, ಆಮೇಲೆ ಕಾಫಿಯವನ ಮುಂದೆ ಹೋಗಿ ನಿಲ್ಲಬೇಕು. ಮಕ್ಕಳಾಟದ ಲೋಟದಷ್ಟು ಕಾಫಿ. ನಿಂತಲ್ಲಿಯೇ ಎರಡು ಗುಟುಕಿನಲ್ಲಿ ಮುಗಿಸಿ ಹೊರಟುಹೋಗುತ್ತಾರೆ. ಗಲ್ಲಾದವಳು ಗಿರಾಕಿಯ ಮುಖ ನೋಡುವುದೇ ಇಲ್ಲ, ಮಿಷನ್ನನ್ನು ನೋಡುತ್ತಾಳೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಮುಖ ನೋಡದವಳನ್ನು ಯಾವ ಕೋರ್ಟೂ ಕರೆಯುವುದಿಲ್ಲ.

ನಮ್ಮ ಕೆಲಸ ಹಾಗಲ್ಲ. ನಮ್ಮಲ್ಲಿ ತಿಂದ ಮೇಲೆ ದುಡ್ಡು. ಕೈ ತೊಳೆದು ಬರುವವನು ಗಲ್ಲಾದ ಮುಂದೆ ನಿಲ್ಲುವಾಗ ಅವನು ಏನು ತಿಂದ, ಎಷ್ಟು ತಿಂದ ಎಂಬುದು ನನ್ನ ತಲೆಯಲ್ಲಿರಬೇಕು. ಹೆಸರು ಮರೆಯಬಹುದು, ತಟ್ಟೆ ಮರೆಯುವಂತಿಲ್ಲ. ಹೀಗಾಗಿ ತೊಕ್ಕೊಟ್ಟಿನ ಅರ್ಧ ಜನ ನನ್ನ ನೆನಪಿನಲ್ಲಿ ಒಂದೊಂದು ತಿಂಡಿಯ ಜೊತೆಗೇ ಇದ್ದಾರೆ.

ಪಲೆರ್ಮೊ: ಮೊದಲ ದಿನ

ಸಿಸಿಲಿ ದ್ವೀಪದ ಈ ಊರಿನ ಹೆಸರನ್ನು ನಾನು ಎಷ್ಟು ಓದಿದ್ದೆನೆಂದರೆ, ವಿಮಾನ ಇಳಿಯುವಾಗ ತವರಿಗೆ ಬಂದಷ್ಟು ಸಂಭ್ರಮವಾಯಿತು. ಇಲ್ಲಿಯ ಡಾನುಗಳ ಮುಂದೆ ನಮ್ಮವರೆಲ್ಲ ಎಳೆಯರು. ಗುಂಪಿನವರು ಚರ್ಚು ನೋಡಲು ಹೋದರೆ ನಾನು ಟೂರ್ ಮ್ಯಾನೇಜರನಿಗೆ ಹೇಳಿ, ಊರಿನ ಗ್ಯಾಂಗ್‌ಸ್ಟರುಗಳ ಜಾಗಗಳನ್ನು ತೋರಿಸುವ ಗೈಡೊಬ್ಬನ ಹಿಂದೆ ಹೊರಟೆ. ಕೋರ್ಟಿಗೆ ಹೆದರಿ ಓಡಿಬಂದವಳು ದುಡ್ಡು ಕೊಟ್ಟು ಕೊಲೆಗಾರರ ಮನೆ ನೋಡಲು ಹೋದೆ. ನನ್ನ ಬುದ್ಧಿಗೆ ಏನು ಹೇಳೋಣ.

ಗೈಡು ಕರಿಯ ಟೊಪ್ಪಿ ಇಟ್ಟುಕೊಂಡು ಬಂದಿದ್ದ. ಇಲ್ಲಿ ಇಂಥವನು ಬಿದ್ದ, ಅಲ್ಲಿ ಅಂಥವನು ಊಟ ಮಾಡುತ್ತಿದ್ದ ಎಂದು ಬೆರಳನ್ನು ಪಿಸ್ತೂಲು ಮಾಡಿ ತೋರಿಸುತ್ತಿದ್ದ. ಜೊತೆಗಿದ್ದ ಪ್ರವಾಸಿಗಳು ನಗುತ್ತಿದ್ದರು. ದಾರಿಯ ಅಂಗಡಿಗಳಲ್ಲಿ ಬಂದೂಕು ಹಿಡಿದ ಮೀಸೆಯವನ ಬೊಂಬೆಗಳು, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆಗಳು, ಅಡುಗೆಯ ಏಪ್ರನ್ನುಗಳು. ಅರ್ಧ ಗಂಟೆ ನಾನೂ ಖುಷಿಯಿಂದಲೇ ಕೇಳಿದೆ. ಆಮೇಲೆ ಒಂದು ಹಳೆಯ ಕಾಫಿಯಂಗಡಿಯ ಮುಂದೆ ನಿಂತು, ಒಬ್ಬ ಡಾನ್ ತನ್ನ ಶತ್ರುವನ್ನು ಇದೇ ಮೆಟ್ಟಿಲ ಮೇಲೆ ಮುಗಿಸಿದನೆಂದೂ ಮುಗಿಸುವ ಮೊದಲು ಒಳಗೆ ಕೂತು ಸಮಾಧಾನವಾಗಿ ಕಾಫಿ ಕುಡಿದನೆಂದೂ ಅವನು ಹೇಳಿದ. ಎಂಥಾ ಗುಂಡಿಗೆ ನೋಡಿ ಎಂದ.

"ಆ ಕಾಫಿ ಕೊಟ್ಟವರು ಯಾರು?" ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದೆ.

ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದೆ. ಅಂಗಡಿಯ ಯಜಮಾನ ಯಾರು, ಅವನು ನೋಡಿದನೇ, ಆಮೇಲೆ ಅವನಿಗೆ ಏನಾಯಿತು? ಗೈಡು ಹೆಗಲು ಕುಣಿಸಿದ. ಅದು ಕಥೆಯಲ್ಲಿಲ್ಲ ಮೇಡಂ ಎಂದ.

"ಹಾಗಾದರೆ ನಿನ್ನ ಕಥೆಯಲ್ಲಿ ಎಂತದೂ ಇಲ್ಲ" ಎಂದೆ, ಕನ್ನಡದಲ್ಲಿಯೇ. ನನ್ನ ದನಿ ಅವನಿಗೆ ತಿಳಿದಿರಬೇಕು. ಉಳಿದವರು ನನ್ನಿಂದ ಸ್ವಲ್ಪ ದೂರ ಸರಿದು ನಡೆಯತೊಡಗಿದರು. ನಾನು ಗುಂಪನ್ನು ಬಿಟ್ಟು ಹಿಂದಕ್ಕೆ ತಿರುಗಿದೆ. ಇಪ್ಪತ್ತೆರಡು ವರ್ಷ ನಾನು ಗಲ್ಲಾದಲ್ಲಿ ಕೂತು ಓದಿದ್ದು, ಬಾಯಿ ಚಪ್ಪರಿಸಿದ್ದು ಇದನ್ನೇ ಎಂಬ ಸಿಟ್ಟು ಗೈಡಿನ ಮೇಲಿನ ಸಿಟ್ಟಿಗಿಂತ ದೊಡ್ಡದಾಗಿತ್ತು.

ಪಲೆರ್ಮೊ: ಎರಡನೆಯ ದಿನ

ಶನಿವಾರ ಬೆಳಿಗ್ಗೆ ಮೀನಿನ ಮಾರುಕಟ್ಟೆಗೆ ಹೋದೆ. ಮೂರು ದಿನ ಮೈದಾಹಿಟ್ಟು ತಿಂದ ಕರಾವಳಿಯವಳನ್ನು ಮೀನಿನ ವಾಸನೆ ಎಳೆಯದಿದ್ದರೆ ಇನ್ನು ಯಾವುದು ಎಳೆಯಬೇಕು? ನಮ್ಮ ಬಂದರಿನ ಧಕ್ಕೆಯ ಹಾಗೆಯೇ ಬೊಬ್ಬೆ, ಅದೇ ಕಾಲಡಿಯ ನೀರು. ವ್ಯತ್ಯಾಸವೆಂದರೆ ಇಲ್ಲಿ ಗಂಡಸರು ಮಾರುತ್ತಾರೆ, ಮಾರುವಾಗ ಹಾಡಿದ ಹಾಗೆ ಕೂಗುತ್ತಾರೆ. ಮಂಜುಗಡ್ಡೆಯ ಮೇಲೆ ಬಂಗುಡೆಯಂಥದ್ದು ಕಂಡಿತು. ಕೈ ಸುಮ್ಮನಿರಲಿಲ್ಲ. ಒಂದನ್ನು ಎತ್ತಿ, ಕಿವಿರು ಬಿಡಿಸಿ, ಒಳಗೆ ಕೆಂಪಾಗಿದೆಯೇ ಎಂದು ನೋಡಿದೆ. ಹೊಟ್ಟೆಯನ್ನು ಬೆರಳಿನಿಂದ ಒತ್ತಿದೆ.

ಮೀನಿನವನು ಮೈಗೆ ಬೆಂಕಿ ಬಿದ್ದವನ ಹಾಗೆ ಕೂಗಿದ. ಅಕ್ಕಪಕ್ಕದವರೂ ಸೇರಿದರು. ಏನು ತಪ್ಪಾಯಿತೆಂದು ತಿಳಿಯದೆ ನಾನು ಮೀನು ಹಿಡಿದುಕೊಂಡೇ ನಿಂತಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಅದನ್ನು ಅಲ್ಲಿಯೇ ಇಡಿ. ಇಲ್ಲಿ ಮುಟ್ಲಿಕ್ಕಿಲ್ಲ. ಕಿವಿರು ತೆಗ್ದು ನೋಡಿದ್ರಲ್ಲ, ನೀವು ಮಂಗಳೂರಿನವರಾ?"

ಬೂದು ಬಣ್ಣದ ಉಡುಪಿನ, ಕಾನ್ವೆಂಟಿನ ಒಬ್ಬ ಸಿಸ್ಟರ್. ಹೆಸರು ಲಿಲ್ಲಿ, ಊರು ಮಂಗಳೂರಿನ ಕುಲಶೇಖರ, ಇಲ್ಲಿಯ ಒಂದು ವೃದ್ಧಾಶ್ರಮದಲ್ಲಿ ಹದಿನೈದು ವರ್ಷಗಳಿಂದ ಇದ್ದಾರೆ. ಮೀನಿನವನಿಗೆ ಅವನ ಭಾಷೆಯಲ್ಲಿ ಏನೋ ಹೇಳಿದರು, ಅವನು ನಕ್ಕ.

"ಎಂತ ಹೇಳಿದ್ರಿ ಸಿಸ್ಟರ್?"

"ನಮ್ಮೂರಲ್ಲಿ ಹೆಂಗಸರು ಡಾಕ್ಟರಿಗಿಂತ ಹೆಚ್ಚು ಮೀನಿನ ಹೊಟ್ಟೆ ಒತ್ತುದು ಅಂತ."

ಅವರು ಆಶ್ರಮಕ್ಕೆ ರೊಟ್ಟಿ, ಅಂದರೆ ಬ್ರೆಡ್ಡು, ತರಲು ಹೊರಟಿದ್ದರು. ನಾನೂ ಜೊತೆಗೆ ಹೋದೆ. ದಾರಿಯಲ್ಲಿ ಅನ್ನವನ್ನು ಉಂಡೆ ಕಟ್ಟಿ ಕರಿದ ಒಂದು ತಿಂಡಿ ಕೊಡಿಸಿದರು. ನಮ್ಮಲ್ಲಿ ಉಳಿದ ಅನ್ನಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದಿಲ್ಲ.

ರೊಟ್ಟಿಯಂಗಡಿ ಒಂದು ಓಣಿಯ ಮೂಲೆಯಲ್ಲಿತ್ತು. ಗಲ್ಲಾದಲ್ಲಿ ಎಂಬತ್ತರ ಹತ್ತಿರದ ಮುದುಕಿ, ಹೆಸರು ರೊಸಾಲಿಯಾ. ಬಾಗಿಲ ಗಾಜಿನ ಮೇಲೆ ಅಂಗೈಯಷ್ಟು ದೊಡ್ಡ ಚೀಟಿ ಅಂಟಿಸಿತ್ತು. ಅದೇನೆಂದು ಕೇಳಿದೆ. ಈ ಅಂಗಡಿಯವರು ಮಾಫಿಯಾಕ್ಕೆ ತಲೆಬಾಗುವುದಿಲ್ಲ ಎಂದು ಬರೆದಿದೆಯಂತೆ.

"ಹೀಗೆ ಬರೆದು ಹಾಕಿದ್ದಾರಾ? ಬಾಗಿಲಿಗೇ?"

"ಹೌದು. ಈಗ ತುಂಬ ಅಂಗಡಿಗಳಲ್ಲಿ ಉಂಟು. ಇವರು ಹಾಕಿದಾಗ ಈ ಓಣಿಯಲ್ಲಿ ಇವರೊಬ್ಬರೇ."

ಸಿಸ್ಟರ್ ಮುದುಕಿಗೆ ನನ್ನ ಪರಿಚಯ ಹೇಳಿದರು. ಹೋಟೆಲಿನವಳು ಎಂದು ಕೇಳಿದ್ದೇ ಅವಳು ನನ್ನನ್ನು ಕೌಂಟರಿನ ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದಳು. ಅವಳ ಕಥೆಯನ್ನು ಸಿಸ್ಟರ್ ತುಂಡು ತುಂಡಾಗಿ ಕನ್ನಡ ಮಾಡಿ ಹೇಳಿದರು. ಮಾಫಿಯಾದವರು ಕೇಳಿದ ಹಫ್ತಾ ಕೊಡಲು ಅವಳು ಒಪ್ಪದೆ ಇದ್ದಾಗ ಒಂದು ಬೆಳಿಗ್ಗೆ ಅಂಗಡಿಯ ಬೀಗದೊಳಗೆ ಯಾರೋ ಗೋಂದು ಸುರಿದಿದ್ದರು. ಇಲ್ಲಿ ಅದು ಎಚ್ಚರಿಕೆಯ ಕ್ರಮ. ಒಂದು ಮಾತಿಲ್ಲ, ಬರೇ ಗೋಂದು. ಬೀಗ ಬದಲಾಯಿಸಿದರೆ ಮರುದಿನ ಮತ್ತೆ ಗೋಂದು.

ನನಗೆ ನಮ್ಮ ಬನ್ಸ್ ನೆನಪಾಯಿತು.

"ಮತ್ತೆ ಎಂತ ಮಾಡಿದ್ರಂತೆ?"

"ಬೀಗ ಹಾಕುದನ್ನೇ ಬಿಟ್ರಂತೆ. ಬಾಗಿಲು ಕಳಚಿ ಪಕ್ಕಕ್ಕಿಟ್ಟು ಒಂದು ತಿಂಗಳು ಅಂಗಡಿಯೊಳಗೇ ಮಲಗಿದ್ರಂತೆ, ಗಂಡ ಹೆಂಡತಿ."

ಮುದುಕಿ ನನ್ನ ಮೊಣಕಾಲು ತಟ್ಟಿ ಏನೋ ಕೇಳಿದಳು. ನಿಮ್ಮಲ್ಲಿ ಇಂಥದ್ದೆಲ್ಲ ಇದೆಯೇ ಎಂದು ಕೇಳುತ್ತಿದ್ದಾಳೆ ಎಂದರು ಸಿಸ್ಟರ್. ನಾನು ವಾಮನಣ್ಣನ ವಿಷಯ ಹೇಳಿದೆ. ನಮ್ಮ ಮೆಟ್ಟಿಲ ಮೇಲೆಯೇ ಎಂದೆ. ನೀನು ನೋಡಿದೆಯಾ ಎಂದು ಅವಳು ಕೇಳಿದಳು.

ಯಾರು ಕೇಳಿದರೂ ಹೀಗೆ ಹೇಳು ಎಂದು ಅಣ್ಣ ಒಂದು ತಿಂಗಳು ಕಲಿಸಿದ್ದ ಮಾತು ತಾನಾಗಿಯೇ ಬಾಯಿಗೆ ಬಂತು. "ನಾನು ಒಳಗಿದ್ದೆ. ಸರಿಯಾಗಿ ನೆನಪಿಲ್ಲ."

ಸಿಸ್ಟರ್ ಅದನ್ನು ಹೇಳಿದರು. ಮುದುಕಿ ನಕ್ಕುಬಿಟ್ಟಳು. ಕೆಮ್ಮು ಬರುವಷ್ಟು ನಕ್ಕಳು, ಕಣ್ಣೊರೆಸಿಕೊಂಡಳು. ಆಮೇಲೆ ನಿಧಾನವಾಗಿ ಮಾತಾಡಿದಳು.

"ಎಂತ ಹೇಳ್ತಾರೆ?" ಎಂದೆ.

ಸಿಸ್ಟರಿಗೆ ಸ್ವಲ್ಪ ಸಂಕೋಚವಾಯಿತು. "ಆ ಮಾತು ಈ ಊರಿನದ್ದಂತೆ. ನೂರು ವರ್ಷ ಎಲ್ಲರೂ ಅದನ್ನೇ ಹೇಳಿದ್ದಂತೆ. ಇಷ್ಟು ದೂರದವರಿಗೆ ಅದನ್ನು ಯಾರು ಕಲಿಸಿದ್ದು ಅಂತ ಕೇಳ್ತಾರೆ."

ನನಗೆ ಅಳು ಬಂತು. ಹೊಸ ಜಾಗ, ಹೊಸ ಜನ, ಅಳಬಾರದಿತ್ತು. ಆದರೂ ಅತ್ತುಬಿಟ್ಟೆ. ಸಮನ್ಸು, ಜ್ವರ, ಎರಡು ತುಂಡಾದ ಬನ್ಸು, ಸೋಮವಾರದ ಕೋರ್ಟು ಎಲ್ಲವನ್ನೂ ಹೇಳಿದೆ. ಮುದುಕಿ ಸಮಾಧಾನವನ್ನೇನೂ ಮಾಡಲಿಲ್ಲ. ಬಿಸಿ ರೊಟ್ಟಿಯೊಂದನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು, ಅರ್ಧ ತಾನು ತಿನ್ನತೊಡಗಿದಳು. ನಾನು ಹಿಡಿದುಕೊಂಡೇ ಕೂತಿದ್ದರೆ ತಿನ್ನು ಎಂದು ಕೈಸನ್ನೆ ಮಾಡಿದಳು. ಗದರಿದ ಹಾಗಿತ್ತು. ತಿಂದೆ.

ಮಧ್ಯಾಹ್ನ ಅಣ್ಣನಿಗೆ ಫೋನು ಮಾಡಿದೆ. ನಾಳೆ ಹೊರಡುತ್ತೇನೆ ಎಂದೆ.

"ನಿಂಗೆ ತಲೆ ಸರಿ ಉಂಟಾ? ಇಲ್ಲಿ ನಮ್ಮ ಮಗಳ ಮದುವೆ ಉಂಟು. ಆ ಜನ ಎಂತ ಮಾಡ್ಲಿಕ್ಕೂ ಹೇಸುವವರಲ್ಲ."

"ಗೊತ್ತುಂಟು. ನಾನೇ ನೋಡಿದ್ದಲ್ವಾ."

"ನಿನ್ನೊಬ್ಬಳಿಂದ ಎಂತ ಆಗ್ತದೆ ಸುಮತಿ?"

"ಒಬ್ಬಳು ಹೇಳಿದ ಹಾಗೆ ಆಗ್ತದೆ. ಈಗ ಅದೂ ಇಲ್ಲ ಅಲ್ವಾ? ನಿಂಗೆ ಹೆದರಿಕೆಯಾದ್ರೆ ನನ್ನ ತಂಗಿ ಮಾತು ಕೇಳುದಿಲ್ಲ, ನಮಗೂ ಅವಳಿಗೂ ಸಂಬಂಧ ಇಲ್ಲ ಅಂತ ಊರಿಡೀ ಹೇಳು. ನಂಗೆ ಬೇಜಾರಿಲ್ಲ. ಆದ್ರೆ ನನ್ನ ಹೆಸರಲ್ಲಿ ನೆನಪಿಲ್ಲ ಅಂತ ಹೇಳ್ಬೇಡ. ನಂಗೆ ನೆನಪುಂಟು."

ಅವನು ಫೋನಿಟ್ಟ. ಸಿಸ್ಟರ್ ಲಿಲ್ಲಿ ಕೂತು ಟಿಕೇಟು ಮಾಡಿಸಿಕೊಟ್ಟರು. ಗುಂಪನ್ನು ನಡುವೆ ಬಿಟ್ಟು ಹೋದರೆ ತಾನು ಜವಾಬ್ದಾರನಲ್ಲ ಎಂದು ಟೂರ್ ಮ್ಯಾನೇಜರ್ ಕಾಗದದ ಮೇಲೆ ನನ್ನ ಸಹಿ ತೆಗೆದುಕೊಂಡ. ಇಷ್ಟು ಖುಷಿಯಿಂದ ನಾನು ಯಾವ ಕಾಗದಕ್ಕೂ ಸಹಿ ಹಾಕಿದ್ದಿಲ್ಲ.

ಮಂಗಳೂರು

ಸೋಮವಾರ ಬೆಳಿಗ್ಗೆ ಬಜ್ಪೆಯಲ್ಲಿ ಇಳಿದೆ. ಪೆಟ್ಟಿಗೆ ಮುಂಬೈಯಲ್ಲಿಯೇ ಉಳಿದಿತ್ತು. ಎರಡು ದಿನದ ಸೀರೆಯಲ್ಲಿಯೇ ಕೋರ್ಟಿಗೆ ಹೋದೆ. ವಾಮನಣ್ಣನ ಹೆಂಡತಿ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

ಸರಕಾರಿ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಆಮೇಲೆ ಜಗ್ಗನ ವಕೀಲರು ಎದ್ದರು.

"ದಿನಕ್ಕೆ ಇನ್ನೂರು ಮುನ್ನೂರು ಜನ ಬರುವ ಹೋಟೆಲ್. ನಾಲ್ಕು ವರ್ಷದ ಹಿಂದೆ ಒಂದೇ ಸಲ ಬಂದವನ ಮುಖ ನಿಮಗೆ ನೆನಪುಂಟು ಅಂತ ನಾವು ನಂಬಬೇಕಾ?"

"ಮುಖ ಅಲ್ಲ ಸ್ವಾಮಿ, ಮೊದಲು ತಟ್ಟೆ. ತಟ್ಟೆಯಿಂದ ಮುಖ" ಎಂದೆ. "ನೀವೂ ಒಂದು ಸಲ ಬಂದಿದ್ದೀರಿ. ಸಕ್ಕರೆ ಇಲ್ಲದ ಚಾ ಹೇಳಿ, ಮೇಲಿಂದ ಎರಡು ಪ್ಲೇಟ್ ಹಲ್ವ ತಿಂದ್ರಿ. ನಿಮ್ಮ ಒಟ್ಟಿಗೆ ಕನ್ನಡಕದವರೊಬ್ಬರು ಇದ್ರು, ಅವರಿಗೆ ನೀರುದೋಸೆ."

ಕೋರ್ಟಿನಲ್ಲಿ ನಗು ಎದ್ದಿತು. ನ್ಯಾಯಾಧೀಶರು ಮೇಜು ತಟ್ಟಿದರು, ಅವರ ಮುಖವೂ ಗಟ್ಟಿಯಾಗಿರಲಿಲ್ಲ. ವಕೀಲರು ಅದನ್ನು ಅಲ್ಲಗಳೆಯಲಿಲ್ಲ. ಹಾಗಾದರೆ ಆ ದಿನ ಬಂದವನು ಇವನೇ ಎಂದು ಹೇಗೆ ಹೇಳುತ್ತೀರಿ ಎಂದರು.

ಆಗ ನಾನು ಆರೋಪಿಯ ಕಟಕಟೆಯ ಕಡೆಗೆ ತಿರುಗಿದೆ. ಜಗ್ಗ ದಪ್ಪಗಾಗಿದ್ದ, ಗಡ್ಡ ಬಿಟ್ಟಿದ್ದ, ನೆಲ ನೋಡುತ್ತಿದ್ದ. ನನ್ನ ದನಿ ಗಲ್ಲಾದ್ದೇ ಬಂತು.

"ಪಾರ್ಸೆಲ್ ಕಟ್ಟಿಡಿ ಅಂದದ್ದು ನೀನೇ. ತಗೊಂಡು ಹೋಗ್ಲಿಕ್ಕೆ ಬರ್ಲೇ ಇಲ್ವಲ್ಲ?"

ಅವನು ತಲೆಯೆತ್ತಿದ. ಅದೇ ನೋಟ. ನಗು ಅರ್ಧಕ್ಕೆ ಬಂದು ನಿಂತಿತು. ಸಾಕ್ಷಿ ಆರೋಪಿಯೊಡನೆ ಮಾತಾಡಬಾರದು ಎಂದು ನ್ಯಾಯಾಧೀಶರು ನನ್ನನ್ನು ಗದರಿದರು. ತಪ್ಪಾಯಿತು ಎಂದೆ, ಅವನೇ ಎಂದು ಬೆರಳಿಟ್ಟು ತೋರಿಸಿದೆ. ಪಾರ್ಸೆಲಿನ ಮಾತು ನಾನು ಅಂದೇ ಪೊಲೀಸರಿಗೆ ಹೇಳಿದ್ದೆ, ಅವರು ಒಂದು ಸಾಲು ಬರೆದುಕೊಂಡಿದ್ದರು. ಆ ಸಾಲನ್ನು ಸರಕಾರಿ ವಕೀಲರು ಎದ್ದು ಓದಿದರು.

ಹೊರಗೆ ಬರುವಾಗ ಕೋರ್ಟಿನ ಕೊನೆಯ ಬೆಂಚಿನಲ್ಲಿ ಅಣ್ಣ ಕೂತಿದ್ದದ್ದು ಕಂಡಿತು. ಯಾವಾಗ ಬಂದನೋ ಗೊತ್ತಿಲ್ಲ. "ಚಾ ಕುಡ್ದಿದ್ದೀಯಾ?" ಎಂದು ಮಾತ್ರ ಕೇಳಿದ. ಇಲ್ಲ ಎಂದೆ. ಕಾರಿನ ಬಾಗಿಲು ತೆಗೆದ.

ತೊಕ್ಕೊಟ್ಟು

ಮರುದಿನ ಬೆಳಿಗ್ಗೆ ಅಣ್ಣನ ಮನೆಯಿಂದ ನೇತ್ರಾವತಿ ಸೇತುವೆ ದಾಟಿ ಬಂದು ಎಂದಿನಂತೆ ಹೋಟೆಲು ತೆರೆದೆ. ಬಾಗಿಲ ಗಾಜಿಗೆ ಒಂದು ಚೀಟಿ ಅಂಟಿಸಿದೆ. ಪಲೆರ್ಮೊದ್ದರಷ್ಟು ಚಂದವಿಲ್ಲ, ನನ್ನ ಅಕ್ಷರ ಮೊದಲಿಂದಲೂ ಸೊಟ್ಟ. 'ಈ ಹೋಟೆಲಿನಲ್ಲಿ ನೋಡಿದ್ದನ್ನು ನೋಡಿದೆವು ಎಂದೇ ಹೇಳಲಾಗುವುದು' ಎಂದು ಬರೆದಿದ್ದೆ. ಕೈ ತೊಳೆಯುವ ಜಾಗದ ಬೋರ್ಡಿನ ಹಾಗೆ ಕಾಣುತ್ತಿತ್ತು.

ಎಂಟೂವರೆಗೆ ಅವನು ಬಂದ. ಜಗ್ಗನ ಕಡೆಯವನು, ನಲವತ್ತು ದಾಟಿದ ಗಂಡಸು, ಹಿಂದೆ ಎರಡು ಸಲ ಬಂದವನೇ. ಚೀಟಿಯನ್ನು ಓದಿದ, ಬಾಗಿಲ ಪಕ್ಕದ ಮೇಜಿನಲ್ಲಿ ಕೂತ. ಬನ್ಸ್ ಬಂತು. ಎರಡು ತುಂಡು ಮಾಡಿ ಇಟ್ಟ.

ತಿಂಡಿಯ ಹೊತ್ತಿನಲ್ಲಿ ನಾನು ಗಲ್ಲಾ ಬಿಟ್ಟು ಎದ್ದದ್ದಿಲ್ಲ. ಅಂದು ಎದ್ದೆ. ಕುರ್ಚಿ ಎಳೆದು ಅವನ ಎದುರಿಗೆ ಕೂತೆ.

"ಇಲ್ಲಿ ತಿಂಡಿ ಬಿಟ್ಟು ಹೋಗುವ ಕ್ರಮ ಇಲ್ಲ" ಎಂದೆ. "ಪಾರ್ಸೆಲ್ ಕಟ್ಟುದನ್ನೂ ನಾನು ನಿಲ್ಲಿಸಿದ್ದೇನೆ. ತಿಂದು ಹೋಗಿ."

ಅವನು ನನ್ನನ್ನು ನೋಡಿದ. ನಾನು ಅವನ ತಟ್ಟೆಯನ್ನು ನೋಡುತ್ತ ಕೂತೆ. ಎಷ್ಟು ಹೊತ್ತಾಯಿತೋ, ಹಿಂದಿನ ಮೇಜಿನಲ್ಲಿ ಯಾರೋ ಸದ್ದು ಮಾಡಿ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು. ಇನ್ನೊಬ್ಬರೂ ಎದ್ದರು. ತಿರುಗಿ ನೋಡಿದರೆ ನಮ್ಮ ಇಬ್ಬರು ಸಪ್ಲಾಯರುಗಳೂ ಅಡುಗೆಕೋಣೆಯಿಂದ ಹೊರಗೆ ಬಂದು ನಿಂತಿದ್ದರು.

ಅವನು ಮೊದಲ ತುಂಡು ಬಾಯಿಗಿಟ್ಟ. ಎರಡನೆಯದನ್ನೂ ತಿಂದ. ಕೈ ತೊಳೆದು ದುಡ್ಡು ಕೊಟ್ಟು ಹೋದ.

ತೀರ್ಪು ಇನ್ನೂ ಬಂದಿಲ್ಲ. ಅವನು ಮತ್ತೆ ಬಂದಿಲ್ಲ. ಬಂದರೆ ಬರಲಿ, ಅವನ ಎದುರಿನ ಕುರ್ಚಿಯನ್ನು ನಾನು ಕೂರಲೆಂದೇ ಇನ್ನೂ ಖಾಲಿ ಇಟ್ಟಿದ್ದೇನೆ.